ಬಿಸ್ಕತ್ ಪ್ಯಾಕೆಟ್ ಬಿಸಾಡಬೇಡಿ, ಶಾಲೆಗೆ ಕಳಿಸಿ

ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಕಳೆದ ವಾರ ಒಂಬತ್ತನೇ ತರಗತಿಯಲ್ಲಿ "ಕಾನೂನು ಅಂದರೇನು?" ಅಂತ ಕೇಳಿದೆ. ಅರ್ಧ ತರಗತಿ "ಪೊಲೀಸ್, ಸಾರ್" ಅಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬ "ಫೈನ್" ಅಂದ. ಎರಡೂ ಸುಳ್ಳಲ್ಲ. ಆದರೆ ಆ ಫೈನ್ ಹಾಕುವ ಅಧಿಕಾರ ಪೊಲೀಸರಿಗೆ ಎಲ್ಲಿಂದ ಬಂತು ಅಂದಾಗ ಎಲ್ಲರೂ ಸುಮ್ಮನಾದರು. ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದುವ ಮಕ್ಕಳು ಇವರು. ಬಾಯಿಪಾಠ ಚೆನ್ನಾಗಿದೆ. ಅದರಾಚೆ ಕಲಿಸದೆ ಬಿಟ್ಟಿದ್ದು ನಮ್ಮ ತಪ್ಪು. ಹಾಗಾಗಿ ಮುಂದಿನ ನಾಲ್ಕು ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಕಾನೂನಿನ ಪಾಠ ಇಟ್ಟುಕೊಂಡಿದ್ದೇವೆ.

ಶುರು ಮಾಡುವುದು ಬಿಸ್ಕತ್ ಪ್ಯಾಕೆಟ್‌ನಿಂದ. ಅದರ ಬೆನ್ನಿಗೆ ಸಣ್ಣಕ್ಷರದಲ್ಲಿ ಎಂ.ಆರ್.ಪಿ. ಇರುತ್ತದೆ, ಎಲ್ಲಾ ತೆರಿಗೆ ಸೇರಿ ಅಂತ. ಕಂಪನಿಯವರು ಒಳ್ಳೆಯತನಕ್ಕೆ ಅಚ್ಚು ಹಾಕಿಸಿದ್ದಲ್ಲ ಅದು. ಹಾಕಲೇಬೇಕು ಅಂತ 2011ರ ನಿಯಮ ಇದೆ. ಆ ನಿಯಮ ಮಾಡಲು ಸರ್ಕಾರಕ್ಕೆ ಅಧಿಕಾರ ಕೊಟ್ಟಿದ್ದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ತೂಕ ಮತ್ತು ಅಳತೆ ಅಂತೀವಲ್ಲ, ಅದೇ. ಕಾಯ್ದೆ ಮಾಡಿದ್ದು ಸಂಸತ್ತು. ಸಂಸತ್ತಿಗೆ ಯಾರು ಹೇಳಿದರು? ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿದರೆ ಕೇಂದ್ರ ಪಟ್ಟಿಯಲ್ಲಿ, ಅಂದರೆ ಸಂಸತ್ತು ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿಯಲ್ಲಿ, 50ನೇ ನಮೂದು ತೂಕ, ಅಳತೆಯದ್ದೇ. ಐದು ರೂಪಾಯಿ ಪ್ಯಾಕೆಟ್ ಹಿಡಿದು ಮೂರೇ ಮೆಟ್ಟಿಲಲ್ಲಿ ಸಂವಿಧಾನದ ಬಾಗಿಲಿಗೆ ಹೋಗಬಹುದು.

ಫ್ರಿಜ್ಜಿಂದು ಅಂತ ಜ್ಯೂಸ್ ಬಾಟಲಿಗೆ ಎರಡು ರೂಪಾಯಿ ಜಾಸ್ತಿ ಕೇಳುವುದು ಯಾಕೆ ತಪ್ಪು ಅನ್ನುವುದೂ ಅದೇ ನಿಯಮದಲ್ಲಿದೆ. ಇದನ್ನು ಕಲಿತ ಮಕ್ಕಳು ಸೀದಾ ಅಂಗಡಿಗೆ ಹೋಗಿ ವಾದಕ್ಕೆ ನಿಲ್ಲುತ್ತಾರೆ ಅಂತ ಗೊತ್ತು. ಶಾಲೆ ಎದುರಿನ ಅಂಗಡಿಯವರಿಗೆ ಮೊದಲೇ ಹೇಳಿ ಬಂದಿದ್ದೇನೆ. ನಿಮ್ಮ ಬೀದಿಯ ಅಂಗಡಿ ನಿಮಗೆ ಬಿಟ್ಟಿದ್ದು.

ಎರಡನೇ ಶನಿವಾರ ಪೂರ್ತಿ ಒಂದೇ ಪ್ರಕರಣ, ಅದೂ ನಮ್ಮ ರಾಜ್ಯದ್ದು. 1989ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟಿಗೆ ಕರ್ನಾಟಕದವರಾದರೆ 25,000ದವರೆಗೆ, ಹೊರಗಿನವರಾದರೆ 60,000ದವರೆಗೆ. ಉತ್ತರಪ್ರದೇಶದ ಮೀರತ್‌ನ ಮೋಹಿನಿ ಜೈನ್‌ಗೆ ತುಮಕೂರಿನ ಕಾಲೇಜೊಂದರಲ್ಲಿ ಎಂ.ಬಿ.ಬಿ.ಎಸ್. ಸೀಟು ಬಂತು. ಅಷ್ಟು ದುಡ್ಡು ಮನೆಯಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. 1992ರ ಜುಲೈನಲ್ಲಿ ತೀರ್ಪು ಬಂತು: ಓದುವುದು ಹಕ್ಕು, ಫೀಸಿನ ಹೆಸರಲ್ಲಿ ತೆಗೆದುಕೊಳ್ಳುತ್ತಿರುವುದು ಕ್ಯಾಪಿಟೇಶನ್ನೇ (ಸೀಟು ಕೊಡಲು ನಿಗದಿತ ಫೀಸಿನ ಮೇಲೆ ಕೇಳುವ ದುಡ್ಡು), ಅಧಿಸೂಚನೆ ರದ್ದು.

ಇಲ್ಲಿ ನಿಂತು ನೋಡಿದರೆ ಮಕ್ಕಳಿಗೆ ಎಷ್ಟೊಂದು ಸಿಗುತ್ತದೆ. ಕ್ಯಾಪಿಟೇಶನ್ ಬೇಡ ಅನ್ನುವ ಕಾಯ್ದೆ 1984ರಲ್ಲೇ ನಮ್ಮ ರಾಜ್ಯದಲ್ಲಿ ಆಗಿತ್ತು. ಅಧಿಸೂಚನೆ ಹೊರಟಿದ್ದು ಅದೇ ಕಾಯ್ದೆಯ ಕೆಳಗೆ. ಅಂದರೆ ಮಗು ಹೋಗಿ ತಾಯಿಗೆ ಎದುರಾಡಿದ ಹಾಗೆ. ಅಜ್ಜಿಯ ಜಾಗದಲ್ಲಿ ಸಂವಿಧಾನ ಕೂತಿತ್ತು. ಇನ್ನೊಂದು, ಓದುವುದು ಮೂಲಭೂತ ಹಕ್ಕು ಅಂತ ಆಗ ಸಂವಿಧಾನದಲ್ಲಿ ನೇರವಾಗಿ ಬರೆದಿರಲಿಲ್ಲ. ಬದುಕುವ ಹಕ್ಕಿನ 21ನೇ ವಿಧಿಯ ಒಳಗೇ ಅದು ಇದೆ ಅಂತ ನ್ಯಾಯಮೂರ್ತಿಗಳು ಓದಿ ಹೇಳಿದರು. ಸುಪ್ರೀಂ ಕೋರ್ಟ್ ಹಾಗೆ ಹೇಳಿದ್ದು ದೇಶದ ಎಲ್ಲ ಕೋರ್ಟುಗಳಿಗೂ ಕಾನೂನೇ ಆಗುತ್ತದೆ. ಮರುವರ್ಷ ಐದು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ವಲ್ಪ ಕತ್ತರಿಸಿ, 14 ವರ್ಷದವರೆಗೆ ಹಕ್ಕು, ಆಮೇಲಿನದು ಸರ್ಕಾರದ ಕೈಲಾದಷ್ಟು ಅಂದಿತು. 2002ರಲ್ಲಿ ಸಂವಿಧಾನಕ್ಕೇ 21ಎ ವಿಧಿ ಸೇರಿತು, 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅಂತ. 2009ರಲ್ಲಿ ಆರ್.ಟಿ.ಇ. (ಶಿಕ್ಷಣ ಹಕ್ಕು) ಕಾಯ್ದೆ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು.

ಕೇಸು ಹಾಕಿದ ಹುಡುಗಿಗೆ ಮಾತ್ರ ಆ ಸೀಟು ಸಿಗಲಿಲ್ಲ. ತೀರ್ಪು ಬರುವಷ್ಟರಲ್ಲಿ ತರಗತಿ ಶುರುವಾಗಿ ವರ್ಷ ದಾಟಿತ್ತು. ಇದನ್ನು ಮಕ್ಕಳಿಂದ ಮುಚ್ಚಿಡುವ ಮನಸ್ಸು ನನಗಿಲ್ಲ.

ಮೂರನೇ ವಾರ ರೂಢಿ. ಇದರಲ್ಲಿ ಮನೆಯ ಮಾತು ಬರುತ್ತದೆ, ಅದಕ್ಕೇ ಮೊದಲೇ ತಿಳಿಸುತ್ತಿದ್ದೇನೆ. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಂಬಂಧದಲ್ಲಿ ಮದುವೆ ಬೇಡ ಅನ್ನುತ್ತದೆ, ಆದರೆ ಎರಡೂ ಕಡೆ ರೂಢಿ ಇದ್ದರೆ ಒಪ್ಪುತ್ತದೆ. ನಮ್ಮ ಕಡೆ ಸೋದರಮಾವನನ್ನು ಮದುವೆಯಾಗುವುದನ್ನು ಕಾನೂನು ತಡೆಯದೇ ಇರುವುದು ಅದಕ್ಕೇ. (ಡಾಕ್ಟರು ಬೇಡ ಅನ್ನುತ್ತಾರೆ, ಅದು ವಿಜ್ಞಾನದ ಪೀರಿಯಡ್‌ಗೆ.) ವಯಸ್ಸಿನ ವಿಷಯದಲ್ಲಿ ರೂಢಿಯ ಆಟ ನಡೆಯುವುದಿಲ್ಲ. ಹುಡುಗಿಗೆ 18, ಹುಡುಗನಿಗೆ 21. ಬಾಲ್ಯವಿವಾಹ ತಡೆಯುವ 2006ರ ಕಾಯ್ದೆಗೆ ಕರ್ನಾಟಕ ಆಮೇಲೆ ತಂದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲ ದಿನದಿಂದಲೇ ಮದುವೆಯಲ್ಲ. ಬೇಸಿಗೆ ರಜೆ ಮುಗಿದ ಮೇಲೆ ಒಂದೊಂದು ಬೆಂಚು ಖಾಲಿ ನೋಡಿದ ಮೇಷ್ಟ್ರಾಗಿ ಇದನ್ನು ಬರೆಯುತ್ತಿದ್ದೇನೆ.

ಕೊನೆಯ ವಾರದ ಪಾಠಕ್ಕೆ ನಾನೇ ಉದಾಹರಣೆ. ಹಿಂದೆ ಬೇರೆ ಶಾಲೆಯಲ್ಲಿದ್ದಾಗ ಒಬ್ಬ ಹುಡುಗಿಯ ಜಾಮಿಟ್ರಿ ಬಾಕ್ಸ್ ಒಬ್ಬ ಹುಡುಗನ ಬ್ಯಾಗಲ್ಲಿ ಸಿಕ್ಕಿತು. ಪ್ರಾರ್ಥನೆಯ ಸಾಲಿನಲ್ಲೇ ನಿಲ್ಲಿಸಿ ಬೈದೆ. ಅಪ್ಪನನ್ನು ಕರೆಸಿದೆ. ಅವರು ಆ ದಿನದ ಕೂಲಿ ಬಿಟ್ಟು ಬಂದು ಕೈಕಟ್ಟಿ ನಿಂತಿದ್ದರು. ಮರುದಿನ ತಿಳಿಯಿತು, ತಮಾಷೆಗೆ ಅಂತ ಹುಡುಗಿಯ ಗೆಳತಿಯೇ ಹಾಕಿದ್ದಳು. ಹುಡುಗನನ್ನು ನಾನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅದೇ ಸಾಲಿನ ಮುಂದೆ ತಪ್ಪಾಯ್ತು ಅಂದೆ. ಅವನು ತಲೆ ಎತ್ತಲಿಲ್ಲ.

ಸಹಜ ನ್ಯಾಯ ಅನ್ನುವುದು ಇಷ್ಟೇ. ಶಿಕ್ಷೆಗೆ ಮೊದಲು ಅವನ ಮಾತೂ ಕೇಳಬೇಕು. ತನ್ನದೇ ವ್ಯಾಜ್ಯಕ್ಕೆ ತಾನೇ ಜಡ್ಜ್ ಆಗಬಾರದು. ಈ ವರ್ಷದಿಂದ ನನ್ನ ಮೇಲೆ ದೂರು ಬಂದರೆ ವಿಚಾರಿಸುವುದು ನಾನಲ್ಲ, ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ). ಜೊತೆಗೆ ಸಂವಿಧಾನದ 20ನೇ ವಿಧಿಯನ್ನೂ ಹೇಳಿಕೊಡುತ್ತೇವೆ: ಮಾಡಿದ ದಿನ ಅಪರಾಧವಲ್ಲದ್ದಕ್ಕೆ ಆಮೇಲೆ ಶಿಕ್ಷೆ ಇಲ್ಲ, ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಇಲ್ಲ. ಇದನ್ನು ಮಕ್ಕಳು ಮೊದಲು ಬಳಸುವುದು ನಿಮ್ಮ ಮೇಲೆಯೇ. "ನಿನ್ನೆ ಮೊಬೈಲ್‌ಗೆ ಟೈಮ್ ಹಾಕಿರಲಿಲ್ವಲ್ಲ" ಅಂತಾರೆ. ದಯವಿಟ್ಟು "ಎದುರು ಮಾತಾಡ್ತೀಯಾ" ಅಂತ ಬಾಯಿ ಮುಚ್ಚಿಸಬೇಡಿ. ನಿಯಮ ಯಾಕೆ ಅಂತ ಎರಡು ಮಾತು ಹೇಳಿ. ಅವರು ಹೇಳಿದ್ದು ಸರಿ ಇದ್ದರೆ ಆ ಒಂದು ಸಲ ಸೋತುಬಿಡಿ.

ಗೊತ್ತಿರಲಿಲ್ಲ ಅಂದರೆ ಕಾನೂನು ಬಿಡುವುದಿಲ್ಲ ಅನ್ನುವ ಪಾಠ ಮಕ್ಕಳಿಗಿಂತ ನಮಗೇ ಜಾಸ್ತಿ ಬೇಕು. ಹುಣಸೆಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಅಲ್ಲಿಂದ ನಡೆದು ಬರುವ ಮೂವರು ಒಂಬತ್ತನೇ ತರಗತಿಯಲ್ಲಿದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಪ್ರಕಾರ ಸಿಕ್ಕಿಹಾಕಿಕೊಳ್ಳುವುದು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಈಗ ನಿಮಗೆ ಗೊತ್ತಿಲ್ಲ ಅನ್ನುವ ಹಾಗಿಲ್ಲ, ನಾನು ಬರೆದು ತಿಳಿಸಿಯಾಯಿತು. ಆ ಮೂರು ಮನೆಯವರು ಸೋಮವಾರದೊಳಗೆ ಬಂದು ನನ್ನನ್ನು ನೋಡಿ.

ಶನಿವಾರ ಪ್ರತಿ ಮಗುವಿನ ಕೈಯಲ್ಲಿ ಏನಾದರೂ ಒಂದು ಕಳಿಸಿ: ಕರೆಂಟ್ ಬಿಲ್, ಬಸ್ ಟಿಕೆಟ್, ಹಳೆಯ ಪಹಣಿಯ ಜೆರಾಕ್ಸ್, ಖಾಲಿ ಪ್ಯಾಕೆಟ್. ಯೂನಿಟ್ ದರವನ್ನು ಲೈನ್‌ಮನ್ ಅಲ್ಲ, ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಗದಿ ಮಾಡುತ್ತದೆ ಅಂತ ಬಿಲ್ ಹಿಡಿದೇ ತೋರಿಸಬೇಕು. ಬಿಲ್ಲಿನ ಹೆಸರು, ಆರ್.ಆರ್. ನಂಬರ್ ಮೇಲೆ ಚೀಟಿ ಅಂಟಿಸಿ. ಪಹಣಿಯಲ್ಲೂ ಹೆಸರು, ಸರ್ವೆ ನಂಬರ್ ಮುಚ್ಚಿ. ಪ್ಯಾಕೆಟ್ ಕಳಿಸುವವರು ಒರೆಸಿ ಕಳಿಸಿ. ಹೋದ ಸಲ ಸ್ಟಾಫ್‌ರೂಮಿನ ಬೀರುವಿಗೆಲ್ಲ ಇರುವೆ ಹತ್ತಿತ್ತು.

ಇಂತಿ,
ಮುಖ್ಯ ಶಿಕ್ಷಕ