ಮಗಳಿಗೊಂದು ಪತ್ರ: ಗಟ್ಟಿಯಾಗಿ ಕೂಗು

ಮಗಳೇ,

ಸೋಮವಾರ ನೀನು ರೈಲ್ವೆ ಟ್ರೈನಿಂಗ್‌ಗೆ ಹೊರಡುತ್ತೀಯ. ಎದುರಿಗೆ ಕೂತರೆ ಮಾತು ಮತ್ತೆ ಜಗಳಕ್ಕೇ ತಿರುಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಂಕ್ ಕೆಲಸದ ವಿಷಯ ಎತ್ತುವುದಿಲ್ಲ.

ಅಸಿಸ್ಟೆಂಟ್ ಲೋಕೋ ಪೈಲಟ್, ಅಂದರೆ ರೈಲಿನ ಡ್ರೈವರಿನ ಜೊತೆಗಾರ. ನಮ್ಮ ಕಾಲದಲ್ಲಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್ ಜಾಗ. ಕ್ಯಾತ್ಸಂದ್ರದ ಕೈಮರದ, ಅದೇ ಹಳೇ ಸಿಗ್ನಲ್ ಕಂಬದ ಹತ್ತಿರ ದನ ಮೇಯಿಸುತ್ತಾ ನಾವು ಹುಡುಗರು ಕಾಯುತ್ತಿದ್ದದ್ದು ಅವನನ್ನೇ, ಡ್ರೈವರನ್ನಲ್ಲ. ಆಗ ಈ ಲೈನು ಮೀಟರ್ ಗೇಜ್, ಒಂದು ಮೀಟರ್ ಅಗಲದ ಹಳಿ. ಅರಸೀಕೆರೆ ಕಡೆಯಿಂದ ಬರುವ ಪ್ಯಾಸೆಂಜರ್‌ಗೆ ವೈಪಿ ಅನ್ನುವ ಹಬೆ ಇಂಜಿನ್. ಹೆಚ್ಚಿನವು ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಲ್ಲಿ ಆದವು, ಕೊನೆಯದು 1970ರಲ್ಲಿ. ಕಣ್ಣಿಗೆ ಕಿಡಿ ಬಿದ್ದರೆ ನಿನ್ನಜ್ಜಿ ಸೆರಗಿನ ತುದಿಗೆ ಊದಿ ಒತ್ತುತ್ತಿದ್ದಳು. ಮಾರನೇ ದಿನ ಮತ್ತೆ ಅಲ್ಲೇ.

ಆ ಇಂಜಿನ್‌ನಲ್ಲಿ ಉದ್ದನೆಯ ಬಾಯ್ಲರ್ ಮುಂದೆ, ಡ್ರೈವರ್ ಹಿಂದೆ. ತಿರುವಿನಲ್ಲಿ ಬಾಯ್ಲರ್ ಅಡ್ಡ ಬಂದು ಅವನಿಗೆ ಕೈಮರ ಕಾಣುತ್ತಿರಲಿಲ್ಲ. ಆಚೆ ಪಕ್ಕದ ಫೈರ್‌ಮನ್ ಸಲಿಕೆ ಬಿಟ್ಟು, ಹೊರಗೆ ಬಾಗಿ, ನೋಡಿ ಕೂಗಬೇಕು. ಒಬ್ಬನಿದ್ದ, ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ತಲೆ ನರೆತ ಡ್ರೈವರಿಗೆ ಗದರಿಸುವ ಹಾಗೆ ಕೂಗುತ್ತಿದ್ದ! ಡ್ರೈವರ್ ಸಿಟ್ಟಾಗುತ್ತಿರಲಿಲ್ಲ. ಅದೇ ಮಾತನ್ನು ತಿರುಗಿ ಕೂಗುತ್ತಿದ್ದ. ಹಬೆಯ ಸದ್ದಿನ ನಡುವೆಯೂ ನಮಗೆ ಕೇಳುತ್ತಿತ್ತು.

ಆ ಕೂಗು ಈಗ ಜಾಸ್ತಿ ನೆನಪಾಗುತ್ತಿದೆ. ಕಲ್ಲಿದ್ದಲು ಹೋಯಿತು, ಹೊಗೆ ಹೋಯಿತು. ಸಿಗ್ನಲ್ ನೋಡಿ ಇಬ್ಬರೂ ಕೂಗಿ ಹೇಳುವ ನಿಯಮ ಹೋಗಿಲ್ಲ, ಅಲ್ವಾ? ನಿನ್ನ ದನಿ ಸಣ್ಣದು. ದೊಡ್ಡವರ ಮುಂದೆ ಇನ್ನೂ ಸಣ್ಣದಾಗುತ್ತದೆ. ಹಳದಿ ಕಂಡರೆ ಹಳದಿ ಅನ್ನು. 'ಸರ್ ನೋಡಿರುತ್ತಾರೆ' ಅಂತ ಸುಮ್ನೆ ಕೂರಬೇಡ. ಬೈದರೆ ಬೈಸಿಕೋ. ರಾತ್ರಿ ಮೂರು ಗಂಟೆಗೂ ಅಷ್ಟೇ ಗಟ್ಟಿಯಾಗಿ ಕೂಗು. ನಿದ್ದೆ ಕಡಿಮೆ ಮಾಡಬೇಡ, ರೆಸ್ಟ್ ಕೊಟ್ಟಾಗ ಮೊಬೈಲ್ ಹಿಡಿದು ಕೂರಬೇಡ. ಹ್ಞೂಂ, ಭಾಷಣ ಶುರುವಾಯಿತು.

ಇನ್ನೊಂದು, ಅಪ್ಪ ಹೇಳುವ ಮಾತಲ್ಲ. ಎಷ್ಟೋ ಇಂಜಿನ್‌ಗಳಲ್ಲಿ ಶೌಚಾಲಯವೇ ಇಲ್ಲ. ಅದಕ್ಕೆ ಹೆದರಿ ನೀರು ಕುಡಿಯದೆ ಇರಬೇಡ. ಹೆಣ್ಣುಮಕ್ಕಳನ್ನು ತೆಗೆದುಕೊಂಡ ಮೇಲೂ ಇದನ್ನು ಸರಿ ಮಾಡದಿರುವುದು ನಾಚಿಕೆಗೇಡು. ಅಮ್ಮ ಹೇಳಲಿ ಅಂತ ಬಿಟ್ಟಿದ್ದೆ. ನಾನು ಹೇಳಲಿ ಅಂತ ಅವಳು ಬಿಟ್ಟಿದ್ದಳಂತೆ.

ಬೇಡ ಅಂದವನೇ ಈಗ ತಟ್ಟೆ ಇಡ್ಲಿ ಹೋಟೆಲಿನವರೆಗೂ ಸುದ್ದಿ ಮುಟ್ಟಿಸಿ ಬಂದಿದ್ದೇನೆ. ನಗಬೇಡ.

ಡ್ಯೂಟಿಯಲ್ಲಿ ಫೋನ್ ಆಫ್ ಇರಲಿ. ಇಳಿದ ಮೇಲೆ ಮೊದಲು ಅಮ್ಮನಿಗೆ ಮಾಡು. ನನಗೆ ಇಂಜಿನ್ ನಂಬರ್ ಮೆಸೇಜ್ ಹಾಕು, ಸಾಕು.

ನಿನ್ನ ಅಪ್ಪ