ಸಹಿಯ ಹಕ್ಕು ಇಷ್ಟು ತಡವೇಕೆ?

ಮಾನ್ಯರೇ,

ಕೋವಿಡ್ ದೃಢಪಟ್ಟ ಮೇಲೂ 2020ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಿಂದ ಗ್ಲಾಸ್ಗೋಗೆ ರೈಲಿನಲ್ಲೇ ಹೋದವರು ಸ್ಕಾಟ್ಲೆಂಡ್‌ನ ಸಂಸದೆ ಮಾರ್ಗರೆಟ್ ಫೆರಿಯರ್. ಜನ ತಮ್ಮವರ ಅಂತ್ಯಸಂಸ್ಕಾರಕ್ಕೂ ಹೋಗಲಾಗದೆ ಕೊರಗಿದ ಕಾಲವದು! ಬ್ರಿಟನ್ ಸಂಸತ್ತು ಅವರನ್ನು 30 ದಿನ ಅಮಾನತು ಮಾಡಿದ್ದು 2023ರ ಜೂನ್‌ನಲ್ಲಿ. ಸಂಸದರನ್ನು ವಾಪಸ್ ಕರೆಸುವ 2015ರ ಕಾಯ್ದೆಯಂತೆ, ಇಂಥ ಅಮಾನತಿನ ಬಳಿಕ ಆರು ವಾರಗಳಲ್ಲಿ ಕ್ಷೇತ್ರದ ಶೇ 10ರಷ್ಟು ಮತದಾರರು ವಾಪಸಾತಿ ಅರ್ಜಿಗೆ ಸಹಿ ಹಾಕಿದರೆ ಸ್ಥಾನ ತೆರವಾಗುತ್ತದೆ. 11,896 ಮಂದಿ ಹಾಕಿದರು. ಅಕ್ಟೋಬರ್ 5ರ ಉಪಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದಿತು.

ಕಾಯ್ದೆ ಒಳ್ಳೆಯದೇ. ಆದರೆ ತಪ್ಪು ನಡೆದ ಮೂರು ವರ್ಷಗಳ ನಂತರ ತೀರ್ಪು ಕೊಡುವ ಅವಕಾಶ ಸಿಕ್ಕರೆ ಮತದಾರರಿಗೆ ನ್ಯಾಯ ಸಿಕ್ಕಂತಾಯಿತೇ? ಇಂಥ ಪ್ರಕರಣಗಳಲ್ಲಿ ಸಂಸತ್ತು ಅಮಾನತು ಮಾಡುವವರೆಗೆ ಅವರು ಕೈಕಟ್ಟಿ ಕೂರಬೇಕು. ಸಹಿ ಸಂಗ್ರಹವನ್ನು ಆರಂಭಿಸುವ ಹಕ್ಕೂ ಅವರಿಗೇ ಸಿಗಬೇಕು.

– ಓರ್ವ ಓದುಗ, ಧಾರವಾಡ