ಉತ್ತರ ಗೊತ್ತಿದ್ದರೂ ತಕ್ಷಣ ಹೇಳಬೇಡ

ಪ್ರಿಯ ಗೆಳೆಯ,

ದಿನವೂ ಒಂದಿಷ್ಟು ಸಾಮಾನ್ಯಜ್ಞಾನದ ಪ್ರಶ್ನೆಗಳನ್ನು ಬಿಡಿಸುತ್ತಿದ್ದರೆ ನಮ್ಮ ವಯಸ್ಸಿನವರ ಮಿದುಳು ಚುರುಕಾಗಿರುತ್ತದೆಯೇ, ನೆನಪು ಉಳಿಯುತ್ತದೆಯೇ ಎಂದು ಕಳೆದ ಪತ್ರದಲ್ಲಿ ನೀನು ಕೇಳಿದ್ದೆ. ಬೇರೆ ಯಾರಾದರೂ ಕೇಳಿದ್ದರೆ ‘ಹೌದು, ಒಳ್ಳೆಯ ಅಭ್ಯಾಸ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತಿದ್ದೆ. ಕೇಳಿದವನು ನೀನು, ನಮ್ಮ ಹಳೆಯ ರಸಪ್ರಶ್ನೆ ತಂಡದ ಜೊತೆಗಾರ. ಹಾಗಾಗಿ ಸಿಕ್ಕಿದ್ದನ್ನೆಲ್ಲ ಓದಿ, ಸಾವಕಾಶವಾಗಿ ಬರೆಯುತ್ತಿದ್ದೇನೆ. ನಮ್ಮ ಹಳೆಯ ತಂಡದವರೂ ಪ್ರಶ್ನೆಗಳ ಹುಚ್ಚಿರುವ ಇತರರೂ ಓದಲಿ ಎಂದು ಎಲ್ಲರೆದುರು ಇಡುತ್ತಿದ್ದೇನೆ.

ನೆನಪನ್ನು ಅಳೆಯಲು ಮೊದಲು ಹೊರಟವರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಮುಖ್ಯನು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂಬುದನ್ನು ಅವನು ತನ್ನ ಮೇಲೆಯೇ ಲೆಕ್ಕ ಹಾಕಿ 1885ರಲ್ಲಿ ಪ್ರಕಟಿಸಿದ. ಕಲಿತ ಒಂದು ಗಂಟೆಯೊಳಗೆ ಆ ಉಳಿತಾಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಒಂದು ದಿನದ ಹೊತ್ತಿಗೆ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಆದರೆ ಆಮೇಲಿನ ಇಳಿತ ಬಹಳ ನಿಧಾನ, ತಿಂಗಳು ಕಳೆದರೂ ಐದನೆಯ ಒಂದು ಭಾಗ ಉಳಿದಿರುತ್ತದೆ. ಮರೆವೆಯ ದೊಡ್ಡ ದಾಳಿ ನಡೆಯುವುದು ಮೊದಲ ದಿನವೇ ಎಂದಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಮರುದಿನ ಬರೆದದ್ದೆಲ್ಲ ಎಲ್ಲಿ ಹೋಯಿತು ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಸಿಕ್ಕಿಲ್ಲ.

ನಿನ್ನ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟು, ಕೆಲವನ್ನು ಎರಡು ಸಲ ಓದಿಸಿದರು. ಉಳಿದವನ್ನು ಒಮ್ಮೆ ಓದಿಸಿ, ಎರಡನೆಯ ಸಲ ಓದುವುದರ ಬದಲು ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಮುಂದಿತ್ತು. ಒಂದು ವಾರದ ನಂತರ ಲೆಕ್ಕ ತಿರುಗಿಬಿದ್ದಿತ್ತು: ಎರಡು ಸಲ ಓದಿದ್ದರಲ್ಲಿ ಶೇಕಡಾ 42ರಷ್ಟು, ಓದಿ ಬರೆದದ್ದರಲ್ಲಿ ಶೇಕಡಾ 56ರಷ್ಟು ನೆನಪಿನಲ್ಲಿ ಉಳಿದಿತ್ತು. ಪ್ರಶ್ನೆ ಕೇಳಿಸಿಕೊಂಡು ನೆನಪಿನಿಂದ ಹುಡುಕಿ ತೆಗೆದ ವಿಷಯವೇ ಉಳಿಯುತ್ತದೆ. ಹುಡುಕುವ ಕೆಲಸವೇ ಅದನ್ನು ಗಟ್ಟಿ ಮಾಡುತ್ತದೆ. ಗೋವಿಂದನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನಾವು ಒಬ್ಬರನ್ನೊಬ್ಬರು ಕಾಡುತ್ತಿದ್ದದ್ದು ವಿದ್ಯಾಭ್ಯಾಸವೇ ಆಗಿತ್ತು ಎಂದು ಈಗ ಯಾರೆದುರಾದರೂ ವಾದಿಸಬಲ್ಲೆ.

ಉತ್ತರ ನಾಲಿಗೆಯ ತುದಿಯಲ್ಲಿದ್ದೂ ಬಾರದೆ ಸತಾಯಿಸುವ ಆ ಕ್ಷಣವನ್ನು ಬ್ರೌನ್ ಮತ್ತು ಮೆಕ್‌ನೀಲ್ ಎಂಬವರು 1966ರಲ್ಲಿಯೇ ಅಧ್ಯಯನ ಮಾಡಿದ್ದರು. ಪದವೊಂದರ ಅರ್ಥವನ್ನು ಓದಿ ಹೇಳಿ ಪದವನ್ನು ಕೇಳಿದಾಗ, ಪದ ಹೊಳೆಯದವರೂ ಎಷ್ಟೋ ಸಲ ಅದರ ಮೊದಲ ಅಕ್ಷರವನ್ನೂ ಅದು ಎಷ್ಟು ಉದ್ದದ ಪದ ಎಂಬುದನ್ನೂ ಸರಿಯಾಗಿ ಊಹಿಸುತ್ತಿದ್ದರಂತೆ. ಬಾರದ ಉತ್ತರದ ಒಂದು ಅಂಚು ಆಗಲೇ ನಮ್ಮ ಕೈಯಲ್ಲಿರುತ್ತದೆ. ಆ ಅಂಚನ್ನು ಹಿಡಿದು ಎಳೆಯಲು ಬೇಕಾದ ಸಮಯವನ್ನೇ ಈಗಿನ ಮೊಬೈಲು ಕಸಿದುಕೊಳ್ಳುತ್ತದೆ ಎಂಬುದು ನನ್ನ ತಕರಾರು. ಉತ್ತರ ಗೊತ್ತಿದ್ದರೂ ಎದುರಿನವನಿಗೆ ತಕ್ಷಣ ಹೇಳಬಾರದು ಎಂಬ ನಿನ್ನ ಹಳೆಯ ನಿಯಮ ಎಷ್ಟು ಸರಿಯಾಗಿತ್ತು ಎಂದು ನನಗೆ ಈಗ ಅರ್ಥವಾಗಿದೆ.

ಇನ್ನು ಮಿದುಳು ಒಟ್ಟಾರೆಯಾಗಿ ಚುರುಕಾಗುತ್ತದೆಯೇ ಎಂಬ ಮಾತು. ಇಲ್ಲಿ ಸುದ್ದಿ ಅಷ್ಟು ಸಿಹಿಯಾಗಿಲ್ಲ. 2010ರಲ್ಲಿ ಬ್ರಿಟನ್ನಿನ ಸಂಶೋಧಕರು 11,430 ಜನರನ್ನು ಆರು ವಾರಗಳ ಕಾಲ ಮಿದುಳಿನ ವ್ಯಾಯಾಮದ ಆಟಗಳಲ್ಲಿ ತೊಡಗಿಸಿ ನೋಡಿದರು. ಎಲ್ಲರೂ ತಾವು ಆಡಿದ ಆಟಗಳಲ್ಲಿ ಪಳಗಿದರು, ಆ ಪಳಗುವಿಕೆ ಬೇರೆ ಕೆಲಸಗಳಿಗೆ ಹರಿಯಲಿಲ್ಲ. ಅಮೆರಿಕದಲ್ಲಿ 65 ದಾಟಿದ 2,832 ಜನರ ಮೇಲೆ ನಡೆದ ಇನ್ನೊಂದು ದೀರ್ಘ ಅಧ್ಯಯನದಲ್ಲಿ, ತರ್ಕದ ಮತ್ತು ಗ್ರಹಿಕೆಯ ವೇಗದ ತರಬೇತಿಗಳ ಫಲ ಹತ್ತು ವರ್ಷಗಳ ನಂತರವೂ ಕಂಡಿತು. ನೆನಪಿನ ತರಬೇತಿಯ ಫಲ ಮಾತ್ರ ಅಷ್ಟರಲ್ಲಿ ಮಾಯವಾಗಿತ್ತು. ಆದ್ದರಿಂದ ‘ರಸಪ್ರಶ್ನೆ ಬಿಡಿಸಿ, ಮರೆವೆಯನ್ನು ಓಡಿಸಿ’ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡ. ಪ್ರಶ್ನೆಗಳು ಗಟ್ಟಿ ಮಾಡುವುದು ತಾವು ಕೇಳಿದ ವಿಷಯವನ್ನು ಮಾತ್ರ.

ಹಾಗೆಂದು ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ. ‘ಶಿವನಸಮುದ್ರದ ವಿದ್ಯುದಾಗಾರ ಆರಂಭವಾದ ವರ್ಷ ಯಾವುದು’ ಎಂದು ಕೇಳಿದರೆ 1902 ಎಂಬ ಒಂದು ಅಂಕಿ ಬಂದು ಹೋಗುತ್ತದೆ. ಅದನ್ನೇ ‘ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಬೆಂಗಳೂರನ್ನು ಬಿಟ್ಟು ಮೊದಲು ಕೋಲಾರಕ್ಕೆ ಏಕೆ ಹೋಯಿತು’ ಎಂದು ಕೇಳಿ ನೋಡು. ಚಿನ್ನದ ಗಣಿಗಳು ನೆನಪಾಗುತ್ತವೆ. ಆಳದಿಂದ ಅದಿರನ್ನೂ ನೀರನ್ನೂ ಮೇಲೆತ್ತುವ ಯಂತ್ರಗಳು, ಆ ಯಂತ್ರಗಳಿಗೆ ಬೇಕಾದ ಅಗಾಧ ಶಕ್ತಿ, ಗಣಿ ನಡೆಸುತ್ತಿದ್ದ ಬ್ರಿಟಿಷ್ ಕಂಪನಿ, ಕರೆಂಟಿಗೆ ನಿಶ್ಚಿತ ಗಿರಾಕಿ ಬೇಕಾಗಿದ್ದ ಮೈಸೂರು ಸಂಸ್ಥಾನ, ಸುಮಾರು 150 ಕಿಲೋಮೀಟರ್ ಉದ್ದದ ತಂತಿ, ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ ಎಂಬುದು, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಒಳ್ಳೆಯ ಪ್ರಶ್ನೆ ಪಾತಾಳಗರಡಿಯಂತೆ, ಅದಕ್ಕೆ ಕೊಕ್ಕೆಗಳು ಹಲವು. ಬಾವಿಗಿಳಿಸಿದರೆ ಯಾವುದಾದರೊಂದು ಕೊಕ್ಕೆಗೆ ಕೊಡ ಸಿಕ್ಕೇ ಸಿಗುತ್ತದೆ. ವರ್ಷ ಮರೆತವನೂ ಗಣಿಯ ಕಡೆಯಿಂದ ನಡೆದು ಉತ್ತರದ ಹತ್ತಿರ ಬರಬಲ್ಲ. ಮಕ್ಕಳಿಗೆ ಪ್ರಶ್ನೆ ತಯಾರಿಸುವವರು ಇಸವಿಗಳನ್ನು ಕಡಿಮೆ ಮಾಡಿ ಇಂಥವನ್ನು ಹೆಚ್ಚಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ 2002ರಿಂದ ಗೆದ್ದವರಿಗೆ ಪುಸ್ತಕಗಳನ್ನೇ ಕೊಡುತ್ತ ಬಂದಿದೆಯಲ್ಲ, ಅದರ ಹಿಂದಿನ ವಿವೇಕವೂ ಇಂಥದ್ದೇ: ಒಂದು ಉತ್ತರಕ್ಕೆ ಬಹುಮಾನವಾಗಿ ನೂರು ಹೊಸ ಪ್ರಶ್ನೆಗಳು.

ನಮ್ಮ ನೀಲಿ ರಟ್ಟಿನ ನೋಟ್‌ಬುಕ್ಕು ಇನ್ನೂ ನನ್ನ ಬಳಿ ಇದೆ. ತೆರೆದು ನೋಡಿದರೆ ಅರ್ಧಕ್ಕರ್ಧ ಉತ್ತರಗಳು ಕಾಲದ ಕೈಯಲ್ಲಿ ಬದಲಾಗಿವೆ. ನಾವು ಬರೆದುಕೊಂಡಾಗ ರಾಜ್ಯಗಳು 22, ಕರ್ನಾಟಕದ ಜಿಲ್ಲೆಗಳು 19, ಗ್ರಹಗಳು ಒಂಬತ್ತು. ಈಗ ಜಿಲ್ಲೆಗಳು 31. ಪ್ಲೂಟೊ 2006ರಲ್ಲಿ ಪಟ್ಟಿಯಿಂದ ಹೊರಗೆ ಬಿತ್ತು. ರಾಜ್ಯಗಳ ಕತೆ ಇನ್ನೂ ಸ್ವಾರಸ್ಯದ್ದು: 2000ದಲ್ಲಿ 28 ಆದವು, 2014ರಲ್ಲಿ ತೆಲಂಗಾಣ ಸೇರಿ 29, 2019ರಲ್ಲಿ ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತಕ್ಕೆ ಹೋಗಿ ಮತ್ತೆ 28. ಅಂಕಿ ಅದೇ, ಪಟ್ಟಿ ಬೇರೆ. ಕನ್ನಡದ ಅತ್ಯಂತ ಹಳೆಯ ಶಾಸನ ಎಂಬಲ್ಲಿ ನಿನ್ನ ದುಂಡು ಅಕ್ಷರದಲ್ಲಿ ಹಲ್ಮಿಡಿ ಎಂದಿದೆ. ಅದರ ಪಕ್ಕದಲ್ಲಿ, ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಉತ್ಖನನದಲ್ಲಿ ದೊರೆತು ಕ್ರಿ.ಶ. 370ರದೆಂದು ಹೇಳಲಾಗುತ್ತಿರುವ ಸಿಂಹಕಟಾಂಜನ ಶಾಸನದ ಹೆಸರನ್ನು ನಾನು ಪೆನ್ಸಿಲಿನಲ್ಲಿ ಸೇರಿಸಿದ್ದೇನೆ.

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ಆದರೆ ಆ ನೋಟ್‌ಬುಕ್ಕನ್ನು ಮಗುಚುವಾಗ ಮನಸ್ಸಿಗೆ ಬಂದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ. ಕನ್ನಡಕ್ಕೆ ಜ್ಞಾನಪೀಠ ತಂದವರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ: ಕುವೆಂಪು 1967, ಬೇಂದ್ರೆ 1973, ಕಾರಂತ 1977, ಮಾಸ್ತಿ 1983, ಗೋಕಾಕ 1990, ಅನಂತಮೂರ್ತಿ 1994, ಕಾರ್ನಾಡ 1998, ಕಂಬಾರ 2010. ಮೊದಲ ನಾಲ್ಕನ್ನು ನಾವು ಕಲಿತದ್ದು ನಿಮ್ಮ ಮನೆಯ ಅಡುಗೆಮನೆಯ ಬಾಗಿಲಲ್ಲಿ, ನಿನ್ನ ತಾಯಿ ಬಡಿಸಿದ ಅನ್ನದ ತಟ್ಟೆಯ ಎದುರು. ಅವರು ನೋಟ್‌ಬುಕ್ಕು ಹಿಡಿದು ಪ್ರಶ್ನೆ ಓದುತ್ತಿದ್ದರು, ನಾವು ಉತ್ತರ ಹೇಳುತ್ತಿದ್ದೆವು, ತಪ್ಪಿದವನಿಗೆ ತುಪ್ಪ ತಡವಾಗಿ ಬರುತ್ತಿತ್ತು. ಅಷ್ಟು ವರ್ಷ ಅವರನ್ನು ಅಮ್ಮ ಎಂದೇ ಕರೆದೆ. ಅವರ ಹೆಸರನ್ನು ನಾನು ಮೊದಲ ಬಾರಿಗೆ ಓದಿದ್ದು ವೈಕುಂಠ ಸಮಾರಾಧನೆಯ ಆಹ್ವಾನ ಪತ್ರಿಕೆಯಲ್ಲಿ. ಎಷ್ಟು ಚೆಂದದ ಹೆಸರು, ಗೆಳೆಯ. ಪ್ರಪಂಚದ ರಾಜಧಾನಿಗಳನ್ನೆಲ್ಲ ನಮ್ಮಿಂದ ಹೇಳಿಸಿದ ಆ ಮನೆಯಲ್ಲಿ ಆ ಒಂದು ಹೆಸರನ್ನು ಯಾರೂ ಯಾರನ್ನೂ ಕೇಳಿರಲಿಲ್ಲ. ಅವರು ಎಷ್ಟನೆಯ ತರಗತಿಯವರೆಗೆ ಓದಿದ್ದರು, ಓದನ್ನು ಏಕೆ ಬಿಟ್ಟರು, ನಮ್ಮನ್ನು ಕೇಳುತ್ತ ಕೇಳುತ್ತ ಆ ಉತ್ತರಗಳೆಲ್ಲ ಅವರಿಗೂ ಬಾಯಿಪಾಠವಾಗಿದ್ದವೇ ಎಂಬುದೂ ನನಗೆ ತಿಳಿಯದು. ನಿನಗೆ ತಿಳಿದಿದ್ದರೆ ಬರೆ. ಕೇಳಿದ್ದು ಮಾತ್ರ ಉಳಿಯುತ್ತದೆ ಎಂದು ಮೇಲೆ ಬರೆದೆನಲ್ಲ, ಅದನ್ನು ಓದಿದ ದಿನದಿಂದ ನನ್ನನ್ನು ಕೊರೆಯುತ್ತಿರುವುದು ಇದೇ. ಆ ಹೆಸರನ್ನು ಇಲ್ಲಿ ಎಲ್ಲರೆದುರು ಬರೆಯುವುದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಸಾಕು, ನಿನ್ನನ್ನು ಭಾರ ಮಾಡುವುದಕ್ಕೆ ಈ ಪತ್ರ ಆರಂಭಿಸಿದ್ದಲ್ಲ. ವ್ಯಾಯಾಮ ಕೇಳಿದವನಿಗೆ ವ್ಯಾಯಾಮ ಕೊಡುತ್ತೇನೆ, ಎರಡೇ ಪ್ರಶ್ನೆಗಳು. ಒಂದು ರಾತ್ರಿಯಾದರೂ ಅವನ್ನು ತಲೆಯಲ್ಲಿಟ್ಟುಕೊಂಡು ಮಲಗು, ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡು. ಇದನ್ನು ಓದುತ್ತಿರುವ ಉಳಿದವರೂ ದಯವಿಟ್ಟು ಇವನಿಗೆ ಉತ್ತರ ಪಿಸುಗುಟ್ಟಬೇಡಿ, ಅರ್ಧ ಅಂಕದ ಆಣೆ.

ಮೊದಲನೆಯದು: ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಹಾಗಾದರೆ 1956ರಲ್ಲಿ ಒಂದಾದಾಗಲೇ ಆ ಹೆಸರನ್ನು ಇಡದಿರಲು ಏನೇನು ಕಾರಣಗಳಿದ್ದಿರಬಹುದು?

ಎರಡನೆಯದು: ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಅರಬ್ಬೀ ಸಮುದ್ರಕ್ಕೆ ಅಷ್ಟು ಹತ್ತಿರದಲ್ಲಿ ಹುಟ್ಟುವ ತುಂಗೆ ಅಷ್ಟು ದೂರ ನಡೆದು ಬಂಗಾಳ ಕೊಲ್ಲಿಯನ್ನೇ ಸೇರುವುದು ಏಕೆ, ಆ ದಾರಿಯಲ್ಲಿ ಅವಳ ಹೆಸರು ಎಲ್ಲೆಲ್ಲಿ, ಎಷ್ಟು ಸಲ ಬದಲಾಗುತ್ತದೆ? ಕೂಡ್ಲಿಯನ್ನು ಹೇಳಿದರೆ ಅರ್ಧ ಅಂಕ ಮಾತ್ರ.

ನಿನ್ನ ಎರಡು ಪ್ರಶ್ನೆಗಳಿಗಾಗಿ ಕಾಯುತ್ತಿರುತ್ತೇನೆ. ಕ್ರಿಕೆಟ್ಟಿನದು ಬೇಡ.

ನಿನ್ನ,
ಎರಡನೆಯ ಕುರ್ಚಿಯವನು